ಒಂಬತ್ತನೇ ವರ್ಷದ ಅನ್ನಪ್ರಾಶನ

ಆ ಕಾಲದ ಮಕ್ಕಳು ಯಾರೂ ಊಟ ಮಾಡುತ್ತಿರಲಿಲ್ಲ. ಏನು ನುಂಗಿದರೂ ಅನ್ನನಾಳ ಬಾತು ಬಿಗಿಯುತ್ತಿತ್ತು. ಸರಕಾರ ಕೊಡುವ ಪುಡಿಯನ್ನು ನೀರಿಗೆ ಕಲಸಿ ಕುಡಿದೇ ಬೆಳೆಯುತ್ತಿದ್ದರು. ಅನ್ನಪ್ರಾಶನ ಒಂಬತ್ತನೇ ವರ್ಷಕ್ಕೆ. ಮನೆಯವರು ಆರಿಸಿದ ಒಂದೇ ಒಂದು ಪದಾರ್ಥವನ್ನು ಆರು ವಾರ ತಿನ್ನಿಸಬೇಕು, ಆಮೇಲೆ ಆಸ್ಪತ್ರೆಯಲ್ಲಿ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಒಗ್ಗಿದರೆ ಅದು ಜೀವಮಾನಕ್ಕೆ ಸಿಕ್ಕಿತು, ಇಲ್ಲದಿದ್ದರೆ ಜೀವಮಾನಕ್ಕೆ ಹೋಯಿತು.

ನೀಲವ್ವ ಮಗಳು ಸುಮಿತ್ರಾಗೆ ಜೋಳದ ರೊಟ್ಟಿ ಆರಿಸಿದ್ದಳು.

"ಬಾತೈತಿ," ಎಂದರು ಡಾಕ್ಟರು, ಪರದೆ ನೋಡುತ್ತ. "ರೊಟ್ಟಿ ಬಿಟ್ಟು ಬ್ಯಾರೆ ಏನರ ಕೊಟ್ಟೀರೇನು?"

"ಇಲ್ರಿ ಸಾಹೇಬ್ರ. ಅಕಿಗೆ ಅಗಿಯಾಕ ಬರಾಂಗಿಲ್ಲ. ಹಾಲಾಗ ನೆನಿಸಿ ಕೊಟ್ಟೀನಿ, ಅಷ್ಟ."

"ಹಾಲಾಗ?"

"ಹಾಲೇನ್ ಊಟ ಅಲ್ಲಲ್ರಿ."

ಡಾಕ್ಟರು ಬೈಯಲಿಲ್ಲ. ತಪ್ಪು ಯಾವುದರದೆಂದು ಇನ್ನು ತಿಳಿಯುವಂತಿರಲಿಲ್ಲ. ನಿಯಮದಂತೆ ಪಟ್ಟಿಯಲ್ಲಿ ಜೋಳವನ್ನೂ ಹಾಲನ್ನೂ ಹೊಡೆದುಹಾಕಿದರು. ನೀಲವ್ವನಿಗೆ ಅಳು ಬರಲಿಲ್ಲ. ಫ್ಯಾನು ತಿರುಗುವುದನ್ನೇ ನೋಡುತ್ತ ನಿಂತಳು.

ಮಂಪರು ಇಳಿದು ಎದ್ದು ಕುಳಿತ ಹುಡುಗಿಯನ್ನು ಡಾಕ್ಟರು ಕೇಳಿದರು, "ನೋವು ಯಾವಾಗಿಂದವ್ವಾ?"

"ಮೊದಲನೇ ದಿನದಿಂದ್ರಿ."

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತಬೇ ನಿನಗ?" ಎಂದಳು ನೀಲವ್ವ.

"ನಾ ತಿನ್ನೂವಾಗ ನೀ ನಕ್ಕೋತ ಕುಂತಿರ್ತಿದ್ದಿ. ಅದಕ್ಕ ನುಂಗಿದೆ."

ಡಾಕ್ಟರು ಪಟ್ಟಿಯನ್ನು ಮುಂದೆ ತಳ್ಳಿದರು. ಉಳಿದವುಗಳಲ್ಲಿ ಇನ್ನೊಂದನ್ನು ಆರಿಸಬೇಕಿತ್ತು. ನೀಲವ್ವ ಅಕ್ಕಿ, ಗೋಧಿ, ತೊಗರಿ ಎಂದು ಕೊನೆಯವರೆಗೂ ಓದಿದಳು. ಯಾವುದಕ್ಕೂ ಗುರುತು ಹಾಕದೆ ಪೆನ್ನು ಹಿಂದಕ್ಕೆ ಕೊಟ್ಟಳು.

"ಪುಡೀನ ಸಾಕ್ರಿ," ಎಂದಳು.