ಬೇವಿನ ಮರದಡಿಯ ತಕರಾರು

ಮೂರನೆಯ ಅರ್ಜಿಯೂ ಪುರಸಭೆಯ ಬಾಗಿಲ ಸಂದಿಯಲ್ಲೇ ಸಿಕ್ಕಿತು. ಸೊಟ್ಟ ಅಕ್ಷರ, ಅದೇ ಮಾತು: ‘ಪೇಟೆ ಬೀದಿಯ ಬೇವಿನ ಮರದ ಕೆಳಗೆ ಕೂತಿದ್ದೇನೆ. ನನ್ನ ತಲೆಯ ಮೇಲೆ ಹಳಿ ಹಾಕಬೇಡಿ.’ ಹೆಸರಿಲ್ಲ. ಕೆಳಗೊಂದು ಹೆಬ್ಬೆಟ್ಟು, ಅದರ ನಡುವೆ ಅಡ್ಡಕ್ಕೆ ಗಾಯದ ಗೆರೆ.

ಗುಮಾಸ್ತ ಜಯರಾಮಯ್ಯ ಅದನ್ನು ಮೊದಲೆರಡರ ಜೊತೆ ಸೇರಿಸಿ ಅಧ್ಯಕ್ಷರ ಮೇಜಿನ ಮೇಲಿಟ್ಟ.

ಶಿರಾದ ಪೇಟೆ ಬೀದಿಯಲ್ಲಿ ಪುಟ್ಟ ರೈಲು ಹಾಯಬೇಕಿತ್ತು. ಬೀದಿ ಪುರಸಭೆಯದು, ಅದರ ಒಪ್ಪಿಗೆಯಿಲ್ಲದೆ ರೈಲು ಕಂಪನಿ ಒಂದು ಗುದ್ದಲಿ ಏಟನ್ನೂ ಹಾಕುವಂತಿರಲಿಲ್ಲ. ತಕರಾರು ಇತ್ಯರ್ಥವಾಗದೆ ಒಪ್ಪಿಗೆ ಕೊಡುವ ಅಧಿಕಾರ ಪುರಸಭೆಗೂ ಇರಲಿಲ್ಲ. ರೈಲು ತರುತ್ತೇನೆಂದು ಊರಿಗೆಲ್ಲ ಮಾತು ಕೊಟ್ಟವರು ಅಧ್ಯಕ್ಷ ವೃಷಭೇಂದ್ರಪ್ಪ. ಬೇವಿನ ನೆರಳು ಕಂಡರೂ ಮೆಟ್ಟು ಬಿಚ್ಚಿ ನಡೆಯುವ ದೈವಭಕ್ತರು. ಪ್ಲೇಗಿನ ವರ್ಷ ಹೆಂಡತಿ ತೀರಿಕೊಂಡ ಮೇಲೆ ಅವರು ನಕ್ಕದ್ದನ್ನು ಕಂಡವರಿಲ್ಲ.

“ಸೋಮವಾರದ ಸಭೆಯೊಳಗೆ ಆ ಹೆಬ್ಬೆಟ್ಟಿನವರನ್ನು ಹಿಡೀರಿ. ಇಲ್ಲದಿದ್ರೆ ಬೇರೆ ಕೆಲಸ ನೋಡ್ಕೊಳ್ಳಿ,” ಎಂದರು.

ಜಯರಾಮಯ್ಯ ಮಸಿ ಕುಡಿಕೆ ಹಿಡಿದು ಮನೆಮನೆ ಹತ್ತಿಳಿದ. ಸಹಿ ಹಾಕಬಲ್ಲವರನ್ನು ಬಿಟ್ಟು ಬೀದಿಯ ಹೆಬ್ಬೆಟ್ಟುಗಳನ್ನೆಲ್ಲ ಒತ್ತಿಸಿಕೊಂಡ. ಒಂದೂ ಹೊಂದಲಿಲ್ಲ. ಕೊನೆಗೆ ಬೇವಿನ ಕೆಳಗೆ ಕಡಲೆಕಾಯಿ ಮಾರುವ ಅಶ್ವತ್ಥಮ್ಮನ ಮುಂದೆ ಕುಕ್ಕರಿಸಿ ಅರ್ಜಿ ಓದಿ ಹೇಳಿದ.

“ನಾ ಮಾರಾಕೆ ಕೂತಿವ್ನಿ ಕಣಪ್ಪ, ಸತ್ತು ಕೂತಿಲ್ಲ,” ಎಂದು ಅವಳು ಹೆಬ್ಬೆಟ್ಟು ಚಾಚಿದಳು. ಗೆರೆಯಿರಲಿಲ್ಲ. ಆಮೇಲೆ ದನಿ ತಗ್ಗಿಸಿದಳು. “ಪ್ಲೇಗಿನಾಗೆ ಊರೆಲ್ಲ ಮನೆ ಬುಟ್ಟು ಹೊಲದ ಗುಡ್ಲಿಗೋಗಿತ್ತು. ಹೆಣ ಹೊರಾಕೆ ನಾಕು ಜನ ಇರ್ನಿಲ್ಲ. ಯಾರು ಯಾರ್ನ ಎಲ್ಲಿ ಕೂರ್ಸಿ ಮಣ್ಣು ಮಾಡಿದ್ರೋ. ಬೀದ್ಯಾಗೆ ಹೂತಿವ್ನಿ ಅಂತ ಈಗ ಬಾಯ್ಬುಟ್ರೆ ಜೈಲು.”

ಲಿಂಗವಂತರು ಶವವನ್ನು ಕೂರಿಸಿ ಹೂಳುತ್ತಾರೆಂಬುದು ಅವನಿಗೆ ಆಗ ನೆನಪಾಯಿತು. ಅಂದಿನಿಂದ ನಡುಬೀದಿ ಬಿಟ್ಟು ಗೋಡೆಯಂಚಿನಲ್ಲೇ ನಡೆದ. ಆದರೂ ಪ್ರತಿ ಹೆಜ್ಜೆಯ ಕೆಳಗೆ ಯಾರೋ ತಲೆಯೆತ್ತಿ ಕೂತಂತಿತ್ತು.

ಸೋಮವಾರ ಬರಿಗೈಲಿ ಸಭೆಗೆ ಬಂದ. ಅಧ್ಯಕ್ಷರು ಬೈಯಲಿಲ್ಲ. ತಕರಾರು ಇತ್ಯರ್ಥವಾಗಿಲ್ಲ, ಪೇಟೆ ಬೀದಿಯಲ್ಲಿ ಹಳಿಗೆ ಒಪ್ಪಿಗೆಯಿಲ್ಲ ಎಂದು ತಾವೇ ಹೇಳಿ ನಿರ್ಣಯ ಬರೆಸಿದರು.

“ಊರೆಲ್ಲ ಹುಡುಕಿದ್ರಲ್ಲ, ಸಾಕು. ನಾಳೆ ಕೆಲಸಕ್ಕೆ ಬನ್ನಿ.”

ಸಹಿ ಹಾಕುವಾಗ ಲೇಖನಿ ಮಸಿ ಕಕ್ಕಿತು. ಅವರು ಬೆರಳು ಒರೆಸಿಕೊಳ್ಳುತ್ತ ಎದ್ದು ಹೋದರು. ಜಯರಾಮಯ್ಯ ಪುಸ್ತಕ ಮುಚ್ಚಲು ಬಗ್ಗಿದ.

ಮುದ್ದಾದ ಸಹಿಯ ಪಕ್ಕದಲ್ಲೊಂದು ಮಸಿಯ ಹೆಬ್ಬೆಟ್ಟು. ಅದರ ನಡುವೆ ಅಡ್ಡಕ್ಕೆ ಗಾಯದ ಗೆರೆ.