ಗುರುವಿನ ಮೇಲೊಂದು ಪದ

“ಗುರು ಮಲಗಿದ ಮಣ್ಣಿನ ಮೇಲೆ ನನ್ನ ಪದ ಚಿಗುರಿತು” ಎಂದು ಕೋದಂಡರಾಮಯ್ಯ ಹಾಡಿ ನಿಲ್ಲಿಸಿದಾಗ, ದೊಡ್ಡಬಳ್ಳಾಪುರದ ಆ ಭಜನೆಮನೆಯಲ್ಲಿ ಕೂತಿದ್ದ ನೇಕಾರರೆಲ್ಲ ತಲೆದೂಗಿದರು. ಆದರೆ ಗುರು ರಾಮಲಿಂಗಯ್ಯ ಇನ್ನೂ ಮಣ್ಣಿಗೆ ಹೋಗಿರಲಿಲ್ಲ. ಲಕ್ವ ಹೊಡೆದು ನಾಲಿಗೆ ಬಿದ್ದುಹೋಗಿದ್ದ ಅವರು ಎದುರಿನ ಗೋಡೆಗೊರಗಿ, ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದರು.

“ಕೋದಂಡಾ, ಇವ್ರಿನ್ನೂ ಉಸಿರಾಡ್ತಾವ್ರೆ ಕಣಪ್ಪ,” ಎಂದಳು ಗುರುವಿನ ಹೆಂಡತಿ ಅಕ್ಕಯ್ಯಮ್ಮ. “ಆ ಸಾಲು ತೆಗ್ದುಬಿಡು.”

“ಅದನ್ನ ತೆಗೆದ್ರೆ ಪದದಾಗೆ ಇನ್ನೇನೈತೆ ತಾಯಿ?”

“ಸರಿಯಾಗಿ ಹೇಳ್ದೆ,” ಎಂದ ಮುದುಕ ಗೋಪಾಲಪ್ಪ. “ಇಷ್ಟ್ ದಿನ ಗುರುವಿನ ಎಂಜಲೇ ಹಾಡ್ತಿದ್ದೆ. ಇವತ್ತು ನೀನೂ ಕವಿ ಆದೆ ನೋಡು. ಇನ್ನೊಂದ್ಸಲ ಹಾಡಪ್ಪ.”

ಮಹಾಯುದ್ಧದಿಂದಾಗಿ ನೂಲು ಸಿಗದೆ ಮಗ್ಗ ನಿಂತು, ಮನೆಯಲ್ಲಿ ಗಂಜಿಗೂ ಗತಿಯಿಲ್ಲದ ದಿನಗಳಲ್ಲೂ ಕೋದಂಡರಾಮಯ್ಯ ಕಾದಿದ್ದದ್ದು ಈ ಒಂದು ಮಾತಿಗೆ. ಅವನು ತಂಬೂರಿ ಎತ್ತಿಕೊಂಡ. ಆಗ ಗುರು, ಆಡುತ್ತಿದ್ದ ಒಂದೇ ಕೈಯನ್ನು ಎತ್ತಿ ನೆಲಕ್ಕೆ ಬಡಿದರು. ಮತ್ತೆ ಬಡಿದರು. ಬಡಿಯುತ್ತಲೇ ಇದ್ದರು.

“ನೋಡ್ರಪ್ಪಾ, ಗುರುವೇ ತಾಳ ಹಾಕ್ತಾವ್ರೆ,” ಎಂದು ಗೋಪಾಲಪ್ಪ ಕೈಮುಗಿದ.

ಅದು ತಾಳವಲ್ಲ ಎಂದು ಕೋದಂಡರಾಮಯ್ಯನಿಗೆ ಗೊತ್ತಿತ್ತು. ಆ ಕೈ ಸಿಟ್ಟಿನಲ್ಲಿ ಹೇಗೆ ಬೀಳುತ್ತದೆ ಎಂಬುದನ್ನು ಚಿಕ್ಕಂದಿನಲ್ಲೇ ಅವನ ಬೆನ್ನು ಕಲಿತಿತ್ತು. ಅವನು ಗುರುವಿನ ಕಣ್ಣನ್ನೇ ನೋಡುತ್ತ, ಆ ಪೆಟ್ಟುಗಳಿಗೇ ದನಿ ಹೊಂದಿಸಿಕೊಂಡು, ಮೊದಲಿಗಿಂತ ಗಟ್ಟಿಯಾಗಿ ಹಾಡತೊಡಗಿದ.