ಇಥೆಲ್ ದೊರೆಯ ಬಲಗೈ

"ವೈರಿಗಳ ಎದೆ ನಡುಗಿಸಿದ ಆ ಬಲಗೈ ಇನ್ನೆಲ್ಲಿ?" ಎಂದು ಹಾಡಿದ ಐನಿಯನ್ ಕವಿ ಅಲ್ಲೇ ಹಾಡು ನಿಲ್ಲಿಸಿದ. ಅಯ್ಯೋ ದೇವರೇ! ಸತ್ತ ಇಥೆಲ್ ದೊರೆಗೆ ಬಲಗೈಯೇ ಇರಲಿಲ್ಲ.

ಹರೆಯದಲ್ಲೇ ಅದು ಯುದ್ಧದಲ್ಲಿ ಹೋಗಿತ್ತು. ಐನಿಯನ್ ಕವಿಗೆ ಗೊತ್ತಿಲ್ಲದ ಸಂಗತಿಯೇ? ವೇಲ್ಸಿನ ಗುಡ್ಡಗಳ ನಡುವಿನ ಈ ಮನೆಯಲ್ಲಿ ಇಪ್ಪತ್ತು ಚಳಿಗಾಲ ದೊರೆಯ ಪಕ್ಕದಲ್ಲೇ ಕೂತು ಉಂಡವನು. ದೊರೆ ಎಡಗೈಯಲ್ಲಿ ಜೇನಿನ ಮದ್ಯ ಬಗ್ಗಿಸುವಾಗ ಅರ್ಧ ಚೆಲ್ಲುತ್ತಿತ್ತು. "ನನ್ನ ಕೈ ನನಗಿಂತ ದೊಡ್ಡ ಕುಡುಕ ಕಣಯ್ಯಾ" ಎಂದು ನಗುತ್ತಿದ್ದ. "ಮಕ್ಕಳಿಲ್ಲ ನಂಗೆ. ನಿನ್ನ ಹಾಡೇ ನನ್ನ ಹೆಸರು ಉಳಿಸ್ಬೇಕು" ಎಂದೂ ಅನ್ನುತ್ತಿದ್ದ. ಅಂಥವನಿಗೆ ಹೊಸ ಚರಮಗೀತೆ ಕಟ್ಟಲು ಈ ಪುಣ್ಯಾತ್ಮನಿಗೆ ಸೋಮಾರಿತನ! ಹೋದ ವರ್ಷ ಆಚೆ ಕಣಿವೆಯ ಕಾಡ್ವಗನ್ ದೊರೆ ಸತ್ತಾಗ ಕಟ್ಟಿದ್ದನ್ನೇ ಹೆಸರು ಬದಲಿಸಿ ತಂದಿದ್ದ. ಕೈ ಬದಲಿಸಲು ಮರೆತಿದ್ದ.

ದೊರೆ ಸತ್ತು ತಿಂಗಳಾದ ದಿನದ ಪ್ರಾರ್ಥನೆಯ ಊಟಕ್ಕೆ ಸೇರಿದ್ದ ನೆಂಟರು ರೊಟ್ಟಿ ನೋಡುತ್ತ ತಲೆ ತಗ್ಗಿಸಿದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

"ಯಾಕೆ ನಿಲ್ಲಿಸಿದ್ರಿ ಕವಿಗಳೇ?" ಎಂದಳು ದೊರೆಯ ಹೆಂಡತಿ ಹುನಿದ್.

"ತಾಯೀ, ಅದು... ಏನೋ ಬಾಯಿ ತಪ್ಪಿ..."

"ಬಾಯೇನೂ ತಪ್ಪಿಲ್ಲ ಬಿಡಿ. ಕಾಡ್ವಗನ್ ನನ್ನ ಸೋದರತ್ತೆ ಮಗ. ಅವನ ತಿಂಗಳ ಊಟದಲ್ಲಿ ನಾನೂ ಇದ್ದೆ. ಪೂರ್ತಿ ಹಾಡಿ. ಅವನೂ ಒಳ್ಳೆಯವನೇ."

ಐನಿಯನ್ ಹಾಡಿದ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸುತ್ತಿತ್ತು. ಕೊನೆಯ ಸಾಲು ಯಾರಿಗೂ ಕೇಳಿಸಲಿಲ್ಲ.

ಹಾಡಿದವನಿಗೆ ಸತ್ತವರ ಉಡುಪು ಕೊಡುವುದು, ಅವನು ಎಲ್ಲರೆದುರು ಅದನ್ನು ತೊಡುವುದು ಆ ಮನೆಯ ಪದ್ಧತಿ. ಹುನಿದ್ ಒಳಗೆ ಹೋಗಿ ದೊರೆಯ ಉಣ್ಣೆಯ ನಿಲುವಂಗಿ ತಂದಳು.

"ಬೇಡ ತಾಯೀ, ನಂಗೆ ಯೋಗ್ಯತೆ ಇಲ್ಲ."

"ನಾನು ಕೊಡ್ತಿರೋದಲ್ಲ. ಸಾಯೋ ಮುಂಚೆ ಅವರೇ ಹೇಳಿದ್ರು, ಇದು ಐನಿಯನ್‌ಗೇ ಅಂತ. ಹಾಕ್ಕೊಳ್ಳಿ."

ನಾಚಿಕೆಯಿಂದ ಕುಗ್ಗುತ್ತಲೇ ಐನಿಯನ್ ತೊಟ್ಟ. ಎಡಗೈ ಸಲೀಸಾಗಿ ಹೊರಬಂತು. ಬಲಗೈ ಮಾತ್ರ ಒಳಗೇ ಸಿಕ್ಕಿಕೊಂಡಿತು. ದೊರೆಯ ಮೋಟು ಕೈಗೆ ಚಳಿ ತಾಗದಿರಲೆಂದು ಹುನಿದ್ ಎಂದೋ ಆ ತೋಳಿನ ತುದಿಯನ್ನು ಹೊಲಿದುಬಿಟ್ಟಿದ್ದಳು. ಇಡೀ ಮನೆ ನೋಡುತ್ತಿತ್ತು.

"ಬೆಳಿಗ್ಗೆ ಆ ಹೊಲಿಗೆ ಬಿಚ್ಚಿಡೋಣ ಅಂತ ಕತ್ತರಿ ತಗೊಂಡಿದ್ದೆ ಕವಿಗಳೇ" ಎಂದಳು ಹುನಿದ್. "ಇರಲಿ ಈಗ. ಅವರ ಹಾಡು ಕಟ್ಕೊಂಡು ಬನ್ನಿ, ಆಗ ಬಿಚ್ಚಿಕೊಡ್ತೀನಿ."